ವಿದೇಶ ಸಂಚಾರ

‘ವಿದೇಶ ಸಂಚಾರ ನಿಗಮ’ ಎಂಬ ಹೆಸರನ್ನು ಕನ್ನಡದ ಕಿವಿಯಿಂದ ಕೇಳಿದರೆ ಅದು ಪರದೇಶ ಪ್ರವಾಸಕ್ಕೆ ಕರೆದೊಯ್ಯುವ ಸಂಸ್ಥೆಯೆಂದೇ ತೋರುತ್ತದೆ. ಹಿಂದಿಯ ‘ಸಂಚಾರ’ ಸಂಪರ್ಕವನ್ನು ಸೂಚಿಸಿದರೆ ನಮ್ಮದು ಓಡಾಟವನ್ನು ಸೂಚಿಸುತ್ತದೆ. ಹೊರನಾಡಿನಲ್ಲಿ ಎರಡು ದಶಕ ಕಳೆದ ನಾವು ಇಂತಹ ಶಬ್ದಗಳ ನಡುವೆ ಬಾಳುವುದನ್ನು ರೂಢಿಸಿಕೊಂಡಿದ್ದೇವೆ. ಆದರೆ ಈ ಸಂಸ್ಥೆಯ ಮಟ್ಟಿಗೆ ಕಡೆಗೆ ಕನ್ನಡದ ಅರ್ಥವೇ ನಿಜವಾಯಿತು. ಅದು ಸರ್ಕಾರದ ಮನೆಯನ್ನು ಬಿಟ್ಟು ದೇಶಾಂತರ ಹೊರಟಿತು.

ಅದು ಹುಟ್ಟಿನಿಂದಲೇ ಸರ್ಕಾರದ್ದೇನೂ ಆಗಿರಲಿಲ್ಲ. ಬ್ರಿಟಿಷರ ಕಾಲದ ಕಡಲಡಿಯ ತಂತಿಯೂ ನಿಸ್ತಂತು ಸೇವೆಯೂ ಖಾಸಗಿ ಕಂಪನಿಯೊಂದರ ಕೈಯಲ್ಲಿದ್ದವು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಅವು ರಾಷ್ಟ್ರದ ಸ್ವತ್ತಾದವು. 1986ರ ಏಪ್ರಿಲ್ 1ರಂದು ಆ ಇಲಾಖೆಯೇ ವಿಎಸ್‌ಎನ್‌ಎಲ್ ಎಂಬ ನಿಗಮವಾಯಿತು. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲದ ಬಾಗಿಲು ತೆರೆದದ್ದೂ ಅದೇ. ಎಂ.ಎ. ಓದುತ್ತಿದ್ದ ದಿನಗಳಲ್ಲಿ ನಾವು ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕಕ್ಕೆ ಕುಳಿತು, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಮೊದಲರ್ಧ ಗಂಟೆ ಕಳೆದುಕೊಳ್ಳುತ್ತಿದ್ದೆವು.

2002ರ ಫೆಬ್ರುವರಿಯಲ್ಲಿ ಸರ್ಕಾರ ತನ್ನ ಶೇಕಡಾ 25ರಷ್ಟು ಪಾಲನ್ನು 1,439 ಕೋಟಿ ರೂಪಾಯಿಗೆ ಟಾಟಾ ಸಮೂಹಕ್ಕೆ ಮಾರಿ ಆಡಳಿತವನ್ನೂ ಒಪ್ಪಿಸಿತು. ಅದಕ್ಕೆ ‘ವ್ಯೂಹಾತ್ಮಕ ಮಾರಾಟ’ ಎಂದು ಹೆಸರು. ಸಂತೆಯ ಮಾತನ್ನು ರಣರಂಗದ ಮಾತಿನಿಂದ ಮುಚ್ಚುವ ಈ ಜಾಣ್ಮೆ ಇಂಗ್ಲಿಷಿನಿಂದ ಬಂದದ್ದು. ಆಗಷ್ಟೇ ಕೇಂದ್ರ ಸರ್ಕಾರದ ನೌಕರಿಗೆ ಸೇರಿದ್ದ ನಮ್ಮಂಥವರ ಊಟದ ಬಿಡುವಿನಲ್ಲಿ ಒಂದೇ ಪ್ರಶ್ನೆ: ಮುಂದಿನ ಸರದಿ ಯಾರದು? ಕೆಲವೇ ತಿಂಗಳಲ್ಲಿ, ಅದೇ ನಿಗಮದ 1,200 ಕೋಟಿಯನ್ನು ಟಾಟಾ ಟೆಲಿಸರ್ವೀಸಸ್‌ನಲ್ಲಿ ತೊಡಗಿಸಲು ಆಡಳಿತ ಮಂಡಳಿ ತೀರ್ಮಾನಿಸಿದಾಗ ಸಂಪರ್ಕ ಸಚಿವ ಪ್ರಮೋದ್ ಮಹಾಜನರೇ ಆಕ್ಷೇಪವೆತ್ತಿದರು. ಕೊಟ್ಟ ಹಣ ಹಿತ್ತಲ ಬಾಗಿಲಿನಿಂದ ಹಿಂತಿರುಗುತ್ತಿದೆಯೆಂದು ನಮ್ಮ ಕ್ಯಾಂಟೀನಿನ ಅರ್ಥಶಾಸ್ತ್ರಜ್ಞರು ತೀರ್ಪಿತ್ತರು.

ಆ ವರ್ಷದ ಏಪ್ರಿಲ್‌ನಲ್ಲಿ ವಿದೇಶಿ ಕರೆಗಳ ಮೇಲಿನ ಏಕಸ್ವಾಮ್ಯವೂ ಮುಗಿಯಿತು. ಅಮೆರಿಕದ ಬಂಧುಗಳೊಡನೆ ಕೈಗಡಿಯಾರ ನೋಡುತ್ತ, ಕ್ಷೇಮ ಸಮಾಚಾರವನ್ನು ಟೆಲಿಗ್ರಾಮಿನಂತೆ ಮುಗಿಸುತ್ತಿದ್ದ ನಮ್ಮ ಮನೆಗಳಲ್ಲಿ ಮಾತು ಮೆಲ್ಲಮೆಲ್ಲನೆ ಉದ್ದವಾಯಿತು. ಮಾರಾಟವನ್ನು ಹಗಲಲ್ಲಿ ಬೈಯುತ್ತಿದ್ದವರೂ ರಾತ್ರಿ ಅಗ್ಗದ ದರದಲ್ಲಿ ಹರಟುತ್ತಿದ್ದರು.

ಏಕಸ್ವಾಮ್ಯ ಕಳೆದುಕೊಂಡ ಕಂಪನಿ ಕುಗ್ಗಬೇಕಿತ್ತು, ಬೆಳೆಯಿತು. ಡಾಟ್‌ಕಾಂ ಗುಳ್ಳೆ ಒಡೆದ ಮೇಲೆ ಸಾಲದಲ್ಲಿ ಮುಳುಗಿದ್ದ ಪಶ್ಚಿಮದ ದೂರಸಂಪರ್ಕ ಸ್ವತ್ತುಗಳು ಮಾರಾಟಕ್ಕಿದ್ದ ಕಾಲವದು. ಟೈಕೋ ಸಂಸ್ಥೆಯ 60 ಸಾವಿರ ಕಿಲೋಮೀಟರ್ ಕಡಲಡಿಯ ಕೇಬಲ್ ಜಾಲ 13 ಕೋಟಿ ಡಾಲರಿಗೆ ದಕ್ಕಿತು. ಹಾಸಲು ತಗುಲಿದ್ದರಲ್ಲಿ ಅದು ಒಂದು ಚೂರು. ನಮ್ಮನ್ನು ಹೆಚ್ಚು ಕಾಡುವುದು ಕೆನಡಾದ ಟೆಲಿಗ್ಲೋಬ್. ಅದೂ ಒಂದು ಕಾಲಕ್ಕೆ ಅಲ್ಲಿನ ಸರ್ಕಾರದ ಸಾಗರೋತ್ತರ ದೂರಸಂಪರ್ಕ ನಿಗಮ, ನಮ್ಮ ನಿಗಮದ ಅಕ್ಕನೆನ್ನಬಹುದು. 1987ರಲ್ಲಿ ಖಾಸಗಿಯಾಯಿತು, 2002ರಲ್ಲಿ ದಿವಾಳಿಯ ರಕ್ಷಣೆ ಕೋರಿತು, 2006ರಲ್ಲಿ ಸುಮಾರು 24 ಕೋಟಿ ಡಾಲರಿಗೆ ತಂಗಿಯ ಪಾಲಾಯಿತು. ಖಾಸಗಿಯಾದದ್ದರಿಂದಲೇ ಒಂದು ಬೆಳೆಯಿತು ಎನ್ನುವವರು, ಖಾಸಗಿಯಾದ ಇನ್ನೊಂದು ಏಕೆ ಬಿದ್ದಿತೆಂಬುದನ್ನೂ ಹೇಳಬೇಕಾಗುತ್ತದೆ. ನಮಗೆ ತೋರುವಂತೆ ಇಲ್ಲಿ ನಿರ್ಣಾಯಕವಾದದ್ದು ಒಡೆತನಕ್ಕಿಂತ ಸಮಯ. ಹಾಗೆಂದು ಸರ್ಕಾರದ ಕೈಯಲ್ಲಿದ್ದಿದ್ದರೂ ಇದು ಸಾಧ್ಯವಾಗುತ್ತಿತ್ತೇ? ನಮ್ಮ ಕಡತಗಳ ವೇಗವನ್ನು ಬಲ್ಲ ನಾವು ಹೌದೆನ್ನಲಾರೆವು. ಮೂರನೆಯ ಟಿಪ್ಪಣಿ ಮೇಲಧಿಕಾರಿಯ ಮೇಜಿಗೆ ಹೋಗುವಷ್ಟರಲ್ಲಿ ಆ ಕೇಬಲ್ಲು ಬೇರೆಯವರ ಪಾಲಾಗಿರುತ್ತಿತ್ತು.

2008ರಲ್ಲಿ ಹೆಸರು ಟಾಟಾ ಕಮ್ಯುನಿಕೇಷನ್ಸ್ ಎಂದಾಯಿತು. ‘ಸಂಚಾರ’ ಅಳಿಯಿತು. ಸರ್ಕಾರದ ಬಳಿ ಉಳಿದಿದ್ದ ಶೇಕಡಾ 26.12 ಪಾಲು 2021ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಈ ಬಾರಿ ನಮ್ಮ ಕ್ಯಾಂಟೀನಿನಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಮಾರಾಟದ ಕರಾರಿನಿಂದ ಹೊರಗಿಟ್ಟದ್ದು ಮಾತ್ರ ಒಂದಿತ್ತು: ದೆಹಲಿ, ಕೋಲ್ಕತ್ತ, ಚೆನ್ನೈ, ಪುಣೆಗಳಲ್ಲಿದ್ದ 773 ಎಕರೆ ಹೆಚ್ಚುವರಿ ಭೂಮಿ. ಅದರಲ್ಲಿ ಅರ್ಧಕ್ಕೂ ಮಿಕ್ಕಿದ್ದು ಇಲ್ಲಿಯೇ, ಪುಣೆಯ ದಿಘಿಯಲ್ಲಿದೆ. ಅದನ್ನು ಬೇರ್ಪಡಿಸಲು ಹದಿನೈದಕ್ಕೂ ಹೆಚ್ಚು ವರ್ಷ ಹಿಡಿಯಿತು. ಈಗ ಅದು ಹೆಮಿಸ್ಫಿಯರ್ ಪ್ರಾಪರ್ಟೀಸ್ ಎಂಬ ಸರ್ಕಾರಿ ಕಂಪನಿಯ ಹೆಸರಿನಲ್ಲಿದೆ. ಖಂಡಗಳನ್ನು ಬೆಸೆಯುವ ತಂತಿಗಳು ಹೋದವು. ನೆಲ ಸರ್ಕಾರದ ಬಳಿಯೇ ಇದೆ.