ಊವರೆಗೆ...

ಮೊನ್ನೆ ಮಗಳು ಮೊಬೈಲಿಗೆ ಒಂದು ಫೋಟೊ ಕಳಿಸಿದ್ದಳು. ನ್ಯೂಯಾರ್ಕಿನ ಏಳನೇ ನಂಬರ್ ರೈಲಿನ ನಿಲ್ದಾಣವೊಂದರ ಬಣ್ಣದ ಗಾಜು. ಕೆಳಗೊಂದು ಪ್ರಶ್ನೆ: "ಅಮ್ಮಾ, ಅಜ್ಜಿ ಎಲ್ಲಿವರೆಗೆ ಬರೆಸಿದ್ರು?"

ಉತ್ತರ ಗೊತ್ತಿತ್ತು. ಆದರೂ ತಕ್ಷಣ ಬರೆಯಲಾಗಲಿಲ್ಲ.

ನಾವು ಕ್ವೀನ್ಸಿನ ಸನ್ನಿಸೈಡಿನಲ್ಲಿದ್ದಾಗಿನ ಮಾತು. ಅಲ್ಲಿ ರೈಲು ನೆಲದಡಿ ಹೋಗೋದಿಲ್ಲ. 1917ರಲ್ಲಿ ಶುರುವಾದ ಹಳಿ, ರಸ್ತೆಯ ಮೇಲೆ ಕಾಂಕ್ರೀಟ್ ಕಮಾನುಗಳ ಮೇಲೆ ಸಾಗುತ್ತದೆ. ಹಾಗಾಗಿ ನಿಲ್ದಾಣಕ್ಕೆ ಒಳ್ಳೇ ಬಿಸಿಲು. 33, 40, 46ನೇ ಬೀದಿಯ ಮೂರು ನಿಲ್ದಾಣಗಳಿಗೆ 1999ರಲ್ಲಿ ಯೂಮಿ ಹಿಯೋ ಎಂಬ ಕಲಾವಿದೆಯ ಗಾಜಿನ ಚಿತ್ರಗಳು ಬಂದವು. ಹೆಸರು 'ಕ್ಯೂ ಈಸ್ ಫಾರ್ ಕ್ವೀನ್ಸ್'. ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಅ ಅರಸ, ಆ ಆನೆ ಅಂತ ಕೂಗ್ತಿದ್ದೆವಲ್ಲ, ಅದೇ ಲೆಕ್ಕ. ಇಂಗ್ಲಿಷ್ ಅಕ್ಷರಗಳ ಜೊತೆಗೆ ಕ್ವೀನ್ಸಿನ ಜಾಗಗಳು, ವಸ್ತುಗಳು.

ಮಗಳಿಗೆ ಐದು ವರ್ಷವಾಗಿದ್ದಾಗ ಅಮ್ಮ ಊರಿಂದ ಆರು ತಿಂಗಳಿಗೆ ಬಂದಿದ್ದಳು. ಸ್ಕೂಲಲ್ಲಿ ಹಿಂದೆ ಬೀಳಬಾರದು ಅಂತ ನಾನು ಮನೆಯಲ್ಲೂ ಇಂಗ್ಲಿಷೇ ಆಡಿಸಿದ್ದೆ. ಅಜ್ಜಿ ಮೊಮ್ಮಗಳ ಮಧ್ಯೆ ಬರೀ ನಗು, ಕೈಸನ್ನೆ. ನಾನು ಆಫೀಸಿಂದ ಬರೋವರೆಗೂ ಅಮ್ಮ ಕಿಟಕಿ ಹತ್ತಿರ ಸುಮ್ಮನೆ ಕೂತಿರ್ತಿದ್ದಳು.

ಭಾನುವಾರ ಫ್ಲಶಿಂಗಿನ ಗಣಪತಿ ದೇವಸ್ಥಾನಕ್ಕೆ ಹೋಗ್ತಿದ್ದೆವು. 1977ರಿಂದ ಇರುವ ದೇವಸ್ಥಾನ. ರೈಲಿಗೆ ಕಾಯುವಾಗ ಮಗಳು ಗಾಜಿನ ಅಕ್ಷರ ತೋರಿಸಿ ಹೇಳೋದು, ನಾಲ್ಕನೇ ಕ್ಲಾಸು ಓದಿದ ಅಮ್ಮ ಅದನ್ನೇ ತಿರುಗಿ ಹೇಳೋದು. ನನಗದು ತಮಾಷೆ!

"ಇದನ್ನ ಮಾಡಿದ್ದು ಯಾರೇ?" ಅಂತ ಕೇಳಿದಳು ಒಂದಿನ. ಕೊರಿಯಾದಲ್ಲಿ ಹುಟ್ಟಿದವಳಮ್ಮ, ದೊಡ್ಡವಳಾದ ಮೇಲೆ ಓದೋಕೆ ಇಲ್ಲಿಗೆ ಬಂದಳಂತೆ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೀತಾಳೆ ಅಂದೆ.

"ಹಂಗಾದ್ರೆ ಇದು ಅವಳ ಅಕ್ಷರವೂ ಅಲ್ಲ. ಕಲಿತು ಊರಿಗೇ ಕಲಿಸ್ತಿದಾಳೆ ನೋಡು."

ನನಗೆ ಅಂತ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಅವತ್ತು ಸಂಜೆ ಇಬ್ಬರೂ ಕ್ರೇಯಾನ್ ಹಿಡಿದು ಕೂತರು. ಅರಸ ಯಾರೆಂದು ಮಗಳಿಗೆ ಗೊತ್ತಿಲ್ಲ, ಹಾಗಾಗಿ ಅ ಅಜ್ಜಿ ಆಯಿತು. ಆ ಆಲೂಗಡ್ಡೆ, ಇ ಇಡ್ಲಿ, ಈ ಈರುಳ್ಳಿ, ಉ ಉಪ್ಪು. ವಾರಕ್ಕೊಂದೋ ಎರಡೋ ಹಾಳೆ ಅಡುಗೆಮನೆಯ ಕಿಟಕಿಗೆ ಅಂಟಿಕೊಳ್ಳುತ್ತಿತ್ತು. ಊ ಊರು ಅಂದಾಗ ಅಮ್ಮನ ತಲೆಯಲ್ಲಿ ಇದ್ದದ್ದು ನಮ್ಮ ಹೆಂಚಿನ ಮನೆ, ಅಡಿಕೆ ಮರ. ಮಗಳು ಬರೆದದ್ದು ಕಮಾನಿನ ಮೇಲೆ ಹೋಗುವ ರೈಲು. ಅಮ್ಮ ತುಂಬಾ ಹೊತ್ತು ನೋಡಿ, "ಸರಿಯಾಗೇ ಬರೆದಿದೀಯ ಪುಟ್ಟಿ" ಅಂದಳು.

ಅಷ್ಟರಲ್ಲಿ ಆರು ತಿಂಗಳು ಮುಗಿಯಿತು. "ಉಳಿದದ್ದು ನೀನು ಬರೆಸು" ಅಂತ ಏರ್‌ಪೋರ್ಟಿನಲ್ಲಿ ಹೇಳಿ ಹೋದಳು. ಆಫೀಸು, ಅಡುಗೆ, ನಾಳೆ ನಾಡಿದ್ದು... ಬಿಸಿಲಿಗೆ ಹಾಳೆಗಳ ಬಣ್ಣ ಹೋಯಿತು. ನಾವೂ ಮನೆ ಬದಲಿಸಿದೆವು. ಅಮ್ಮ ಈಗಿಲ್ಲ.

"ಊವರೆಗೆ" ಅಂತ ಉತ್ತರಿಸಿದೆ.

"ಮುಂದೇನು?"

ಪೆನ್ನು ಹುಡುಕಿ, ಒಂದು ಹಾಳೆಯ ಮೇಲೆ ದೊಡ್ಡದಾಗಿ ಋ ಬರೆದು, ಫೋಟೊ ತೆಗೆದು ಕಳಿಸಿದೆ. ಚಿತ್ರ ಮಾತ್ರ ನೀನೇ ಬರಿ ಅಂದಿದ್ದೇನೆ.