ಮನೆ ಮಾರುವಾಗ ಶ್ರಾವಕನ ಸತ್ಯ

ಶ್ರಾವಕನು ಸ್ವೀಕರಿಸಿದ ಅಣುವ್ರತಗಳಿಗೆ ನಿಜವಾದ ಪರೀಕ್ಷೆ ಒದಗುವುದು ಕೊಡು-ಕೊಳ್ಳುವ ವ್ಯವಹಾರದಲ್ಲಿ. ಹೆಚ್ಚಿನವರು ಆಯುಷ್ಯದಲ್ಲಿ ಒಂದೆರಡು ಬಾರಿ ಮಾತ್ರ ಮಾಡುವ ಮನೆಯ ಮಾರಾಟವು ಅಂತಹ ಒಂದು ಪ್ರಸಂಗ. ಕಾರ್ಕಳ ತಾಲ್ಲೂಕಿನಲ್ಲಿದ್ದ ನಮ್ಮ ತಂದೆಯವರ ಮನೆಯನ್ನು ಮಾರಲು ನಾವು ಮೂವರು ಒಡಹುಟ್ಟಿದವರು ನಿಶ್ಚಯಿಸಿದಾಗ ಈ ವಿಷಯ ನನ್ನ ಚಿಂತನೆಗೆ ಬಂದಿತು.

ಅದು ಮುರಕಲ್ಲಿನ ಗೋಡೆ, ಹಂಚಿನ ಮಾಡು ಉಳ್ಳ ಹಳೆಯ ಮನೆ. ಹಿಂದಿನ ಕೋಣೆಯ ಗೋಡೆಯಲ್ಲಿ ತೇವದ ಕಲೆಯಿತ್ತು. ಅಟ್ಟದ ಎರಡು ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಯುಗಾದಿ ಕಳೆದ ಮೇಲೆ ಬಾವಿಯ ನೀರು ತಳ ಸೇರುತ್ತಿತ್ತು. ಮನೆ ನೋಡಿದ ದಲ್ಲಾಳಿಯ ಸಲಹೆ ಸರಳವಾಗಿತ್ತು: ಮಳೆಗಾಲ ಮುಗಿದೊಡನೆ, ಬಾವಿ ತುಂಬಿರುವಾಗಲೇ ಗಿರಾಕಿಗಳನ್ನು ಕರೆಯಿರಿ, ಗೋಡೆಗೆ ಬಣ್ಣ ಹೊಡೆಸಿ, ತೊಲೆಯ ತೂತುಗಳನ್ನು ಮುಚ್ಚಿ ವಾರ್ನಿಷ್ ಹಚ್ಚಿಸಿ. ಇದರಲ್ಲಿ ಬಾಯಿಬಿಟ್ಟು ಹೇಳುವ ಸುಳ್ಳು ಒಂದೂ ಇರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಕೀಳು ವಸ್ತುವನ್ನು ಉತ್ತಮ ವಸ್ತುವಿನ ರೂಪದಲ್ಲಿ ದಾಟಿಸುವುದೇ ಅದು. ಟೊಳ್ಳಾದ ತೊಲೆಗೆ ವಾರ್ನಿಷ್ ಹಚ್ಚಿ ಗಟ್ಟಿ ತೊಲೆಯೆಂಬಂತೆ ತೋರಿಸುವುದು ಇದರೊಳಗೆ ಬಾರದೆ ಇರಲಾರದು. ಹಾಗೆಂದು ಮನೆಯನ್ನು ಗುಡಿಸಿ ಸಾರಿಸಿ ಒಪ್ಪಗೊಳಿಸುವುದು ದೋಷವೆನಿಸದು. ಒಡೆದ ಹಂಚನ್ನು ಬದಲಿಸಿದರೆ ಸೋರುವುದು ನಿಲ್ಲುತ್ತದೆ. ಕಲೆಯ ಮೇಲೆ ಬಣ್ಣ ಬಳಿದರೆ ಸೋರುವುದು ಕಾಣದಾಗುತ್ತದೆ. ಮೊದಲನೆಯದರಿಂದ ಕೊಳ್ಳುವವನಿಗೆ ಹಿತ, ಎರಡನೆಯದರಿಂದ ಮಾರುವವನಿಗೆ ಮಾತ್ರ ಲಾಭ.

ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದ ಮತ್ತು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಗೋಚರಿಸದ ಮುಖ್ಯ ದೋಷಗಳನ್ನು ಹೇಳಲೇಬೇಕು, ಹೇಳದಿರುವುದು ವಂಚನೆಯೆನಿಸುತ್ತದೆ. ಈ ಕರ್ತವ್ಯವು ಸ್ವತ್ತಿನ ಹಕ್ಕಿನಲ್ಲಿರುವ ದೋಷಗಳಿಗೂ ಅನ್ವಯಿಸುತ್ತದೆ. ಆದರೆ ಕಣ್ಣಿಗೆ ಕಾಣುವ ದೋಷವನ್ನು ಹೇಳಬೇಕೆಂದು ಕಾನೂನು ಒತ್ತಾಯಿಸದು. ವ್ರತಧಾರಿಯು ಅಷ್ಟಕ್ಕೇ ನಿಲ್ಲಬಹುದೇ? ಬ್ಯಾಂಕಿನಿಂದ ಸಾಲ ತಂದು ಮೊದಲ ಬಾರಿಗೆ ಮನೆ ಕೊಳ್ಳುವವರು ಮಾಡಿನ ಕಡೆ ತಲೆಯೆತ್ತಿ ನೋಡುವ ಮುನ್ನ ದೇವರಕೋಣೆಯನ್ನೂ ಅಡುಗೆಮನೆಯನ್ನೂ ನೋಡುತ್ತಾರೆ. ಅವರ ಅನನುಭವವನ್ನು ನಮ್ಮ ಸಂಪಾದನೆಯಾಗಿ ಎಣಿಸುವುದು ಉಚಿತವೆನಿಸದು.

ನನ್ನ ತಮ್ಮನು ಎತ್ತಿದ ಪ್ರಶ್ನೆ ಬೇರೆಯಾಗಿತ್ತು. “ಅಣ್ಣ, ಗೆದ್ದಲಿಗೆ ಔಷಧ ಹೊಡೆಸಿದರೆ ನಮಗೆ ಜೀವಹಿಂಸೆಯ ಪಾಪ. ಆ ಕೆಲಸವನ್ನು ಕೊಂಡವರೇ ಮಾಡಿಕೊಳ್ಳಲಿ. ನಾವಾಗಿ ಹೇಳುವುದೇಕೆ?” ಎಂದನು. ಇದು ಹಲವು ಮನೆಗಳಲ್ಲಿ ಏಳಬಹುದಾದ ಮಾತು. ಮನೆಯ ರಕ್ಷಣೆ, ದುರಸ್ತಿಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ನಮ್ಮ ಆಚಾರ್ಯರು ಆರಂಭೀ ಹಿಂಸೆಯೆಂದು ಗುರುತಿಸಿ, ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದ್ದಾರೆ. ಗೃಹಸ್ಥನು ಅದನ್ನೂ ಯತ್ನಪೂರ್ವಕ ಕಡಿಮೆ ಮಾಡಿಕೊಳ್ಳಬೇಕು. ದೋಷವನ್ನು ಮರೆಸಿ ಮಾರಿದರೆ ಆ ಹಿಂಸೆ ತಪ್ಪದು, ಇನ್ನೊಬ್ಬರ ಕೈಗೆ ದಾಟುತ್ತದೆ. ನಮ್ಮ ಪಾಲಿಗೆ ಅಸತ್ಯವೂ ಸೇರುತ್ತದೆ. ನಾವು ಸೋರುವಿಕೆಯನ್ನು ನಿಲ್ಲಿಸಿ, ತೇವ ಆರಲು ಬಿಟ್ಟು, ತೊಲೆಗಳ ಸ್ಥಿತಿಯನ್ನು ಇದ್ದಂತೆಯೇ ತೋರಿಸಲು ನಿರ್ಧರಿಸಿದೆವು.

ಮನೆ ನೋಡಲು ಬಂದ ಶಿಕ್ಷಕ ದಂಪತಿಗಳಿಗೆ ಅಟ್ಟ ಹತ್ತಲು ಏಣಿ ಇಟ್ಟುಕೊಟ್ಟೆವು. ಬಾವಿಯನ್ನು ಏಪ್ರಿಲ್ ತಿಂಗಳಲ್ಲಿ ಬಂದು ಮತ್ತೊಮ್ಮೆ ನೋಡಿರೆಂದೆವು. ಅವರು ಬಂದು ನೋಡಿದರು. ತೊಲೆ ಬದಲಿಸುವುದಕ್ಕೂ ಬಾವಿ ಆಳಗೊಳಿಸುವುದಕ್ಕೂ ಎರಡು ಲಕ್ಷ ರೂಪಾಯಿ ಕಡಿಮೆ ಕೇಳಿದರು. ತಮ್ಮನ ಮಗಳ ಮದುವೆ ಹತ್ತಿರವಿದ್ದುದರಿಂದ ಅವನಿಗೆ ಅದು ದೊಡ್ಡ ಮೊತ್ತವೇ. ಅವನ ಪಾಲಿನ ಹಣದಲ್ಲಿ ಔದಾರ್ಯ ತೋರಲು ನನಗೆ ಅಧಿಕಾರವಿರಲಿಲ್ಲ. ಆಗ ತಂಗಿ ಹೇಳಿದ ಮಾತು ನಿರ್ಣಾಯಕವಾಯಿತು: “ಅಣ್ಣ ಯಾರಿಗೂ ದಾನ ಮಾಡುತ್ತಿಲ್ಲ. ಗೆದ್ದಲು ಹಿಡಿದ ಮನೆಗೆ ಇರುವ ಬೆಲೆ ಇದೇ. ಹೇಳದೆ ಪಡೆದರೆ ಆ ಎರಡು ಲಕ್ಷ ಅವರದ್ದೇ ಹಣ.” ಕೊಡದೇ ಇರುವುದನ್ನು ತೆಗೆದುಕೊಳ್ಳುವ ಅದತ್ತಾದಾನವನ್ನು ಇದಕ್ಕಿಂತ ಸುಲಭವಾಗಿ ವಿವರಿಸುವುದು ಕಷ್ಟ. ತಮ್ಮನು ಬಹಳ ಹೊತ್ತು ಸುಮ್ಮನಿದ್ದು, ಕರಾರಿಗೆ ಸಹಿ ಹಾಕಿದನು.

ಹಣ ಪಡೆಯುವಾಗಲೂ ಇದೇ ಶುದ್ಧಿ ಬೇಕು. ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದುದನ್ನು ಕೈಯಲ್ಲಿ ಪಡೆಯುವುದು ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಯೇ ಸರಿ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ.

ದಾನವಾಗಿ ಬಂದ ಮನೆ-ನಿವೇಶನಗಳನ್ನು ಮಾರುವ ಸಂದರ್ಭ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಬರುವುದುಂಟು. ಮಾಡು, ಗೋಡೆ, ಬಾವಿ, ಚರಂಡಿ, ಗಡಿಯ ತಕರಾರು, ಪಾಲುದಾರರ ಹಕ್ಕು, ಋಣಭಾರ ಇವುಗಳ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಎಲ್ಲ ವಿಶ್ವಸ್ಥರೂ ಸಹಿ ಮಾಡಿ, ಮುಂಗಡ ಪಡೆಯುವ ಮೊದಲೇ ಕೊಳ್ಳುವವರ ಕೈಗೆ ಕೊಡುವ ಪದ್ಧತಿಯನ್ನು ಅವು ಆರಂಭಿಸಲಿ. ಸಮಾಜದ ಹೆಸರಿನಲ್ಲಿ ನಡೆಯುವ ವ್ಯವಹಾರವನ್ನು ನೋಡಿ ಕುಟುಂಬಗಳೂ ಕಲಿಯುತ್ತವೆ.