ಗಣಪತಿಗೆ ಹೂವು, ದೀಪಾವಳಿಗೆ ಬೀಜ

ಚಂದಗಡದಲ್ಲಿ ಹೂವು ಬೆಳೆಸುವವರು ಮೊದಲು ಮಳೆಯನ್ನು ಕೇಳಿಕೊಳ್ಳಬೇಕು. ತಾಮ್ರಪರ್ಣಿ, ಘಟಪ್ರಭೆ ಎರಡೂ ಹರಿಯುವ ತಾಲ್ಲೂಕು ಇದು. ಪಡುವಣಕ್ಕೆ ಸಹ್ಯಾದ್ರಿ, ಅದರ ಆಚೆ ಕೊಂಕಣ. ಮಿರಗ ಕೂಡಿತೆಂದರೆ ಕೆಂಪು ಮಣ್ಣು ಮೆತ್ತಗಾಗುತ್ತದೆ, ಆಷಾಢದಲ್ಲಂತೂ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಪೇಟೆಯಿಂದ ಆಸೆಪಟ್ಟು ತಂದ ಗುಲಾಬಿ ಈ ಮಳೆಗೆ ಎಲೆಯೆಲ್ಲ ಉದುರಿಸಿ ಬರಿ ಮುಳ್ಳಾಗಿ ನಿಲ್ಲುತ್ತದೆ. ಮೊಮ್ಮಕ್ಕಳ ಜೊತೆ ಯಾವ ಹೂವಿನ ಗಿಡ ಹಚ್ಚಲಿ ಎಂದು ನನ್ನ ವಾರಿಗೆಯವರು ಕೇಳಿದರೆ ನಾನು ನರ್ಸರಿಯ ದಾರಿ ತೋರಿಸುವುದಿಲ್ಲ. ಕರ್ಣಕುಂಡಲ, ಚೆಂಡುಹೂವು, ಸಂಜೆಮಲ್ಲಿಗೆ ಇಷ್ಟು ಸಾಕು. ನಾಲ್ಕು ಮನೆಯ ಹಿತ್ತಲಲ್ಲಿ ಕೇಳಿದರೆ ಬೀಜ ಪುಕ್ಕಟೆ ಸಿಗುತ್ತದೆ, ಆ ನಾಲ್ಕು ಮನೆಗೆ ಹೋಗಿ ಕೇಳುವುದೂ ಮಕ್ಕಳ ಕೆಲಸವೇ.

ಈ ಗಿಡಗಳಿಗೂ ಶಾಲೆಯ ರಜೆಗೂ ಒಳ್ಳೆಯ ಹೊಂದಾಣಿಕೆ. ಬೇಸಿಗೆ ರಜೆಯ ಕೊನೆಗೆ, ರೋಹಿಣಿ ಮಳೆ ಒಂದೆರಡು ಬಿದ್ದ ಮೇಲೆ, ಬೀಜ ಊರುತ್ತೇವೆ. ಗಣಪತಿ ಹಬ್ಬಕ್ಕೆ ಮಕ್ಕಳು ಬರುವಾಗ ಹೂವು ಅರಳಿರುತ್ತದೆ, ದೀಪಾವಳಿಗೆ ಬರುವಾಗ ಬೀಜ ಬಲಿತಿರುತ್ತದೆ. ಮೊಮ್ಮಗ ಪುಣೆಯಲ್ಲಿ, ಮೊಮ್ಮಗಳು ಬೆಳಗಾವಿಯಲ್ಲಿ. ಮಡಿಯನ್ನು ಗೇಣೆತ್ತರ ಏರಿಸಬೇಕು, ಇಲ್ಲದಿದ್ದರೆ ಬೇರು ಕೊಳೆಯುತ್ತದೆ. ಅಷ್ಟನ್ನು ಹೇಳಿ ನಾನು ಕಟ್ಟೆಯ ಮೇಲೆ ಕೂರುತ್ತೇನೆ. ಸಾಲು ಸೊಟ್ಟಗಾದರೂ ತಿದ್ದಲು ಹೋಗುವುದಿಲ್ಲ. ಹಿರಿಯರು ನೆಟ್ಟಗೆ ಮಾಡಿಕೊಟ್ಟ ಸಾಲು ಮಕ್ಕಳ ಪಾಲಿಗೆ ಪರರ ಹೊಲ. ತಾನೇ ಊರಿದ್ದಾದರೆ ಪುಣೆಯಿಂದ ಫೋನು ಬರುತ್ತದೆ: “ಅಜ್ಜಾ, ನನ್ನ ಗಿಡಕ್ಕ ಎಷ್ಟ ಎಲಿ ಆದೂ?” ಕೊಡೆ ಹಿಡಿದು ಮಡಿಗೆ ಹೋಗಿ ಎಣಿಸಿ ಬಂದೇ ಹೇಳುತ್ತೇನೆ. ಅಂದಾಜಿನ ಮೇಲೆ ಹೇಳಬಾರದು.

ಕರ್ಣಕುಂಡಲ ಇಲ್ಲಿಯ ಮಣ್ಣಿನದೇ ಗಿಡ. ಶ್ರಾವಣ ಬಂತೆಂದರೆ ಘಟ್ಟದ ರಸ್ತೆಯ ದಂಡೆಗುಂಟ ತಾನಾಗಿಯೇ ಎದ್ದು ಹೂ ಬಿಡುತ್ತದೆ. ನಮ್ಮ ಮರಾಠಿ ನೆರೆಯವರಿಗೆ ಇದು ತೇರಡಾ, ಗೌರಿ ತರುವ ದಿನ ಇದು ಬೇಕೇ ಬೇಕು. ಬೇಲಿಯಾಚೆಯ ಕಾಕೂ ಅಂದು ಬೆಳಿಗ್ಗೆಯೇ ಬಂದು ನನ್ನನ್ನಲ್ಲ, ಮೊಮ್ಮಗಳನ್ನು ಕೇಳುತ್ತಾರೆ. ಅವಳು ಮಡಿಯ ಸುತ್ತ ನಡೆದು, ಯಾವ ಗಿಡ ಕೊಡಬಹುದು, ಯಾವುದನ್ನು ಬೀಜಕ್ಕೆ ಬಿಡಬೇಕು ಎಂದು ನೋಡಿ ಬೇರುಸಹಿತ ಕಿತ್ತುಕೊಡುತ್ತಾಳೆ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದೇ ಜಿಲ್ಲೆಯ ಚಂದಗಡ ತಾಲ್ಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿದು ಕೊಲ್ಲಾಪುರಕ್ಕೆ ಸೇರಿತು. ಗಡಿಯ ಮಾತು ದೊಡ್ಡವರ ಬಾಯಲ್ಲಿ ಇನ್ನೂ ಮುಗಿದಿಲ್ಲ. ಬೇಲಿಯ ಮೇಲಿಂದ ಗಿಡ ಕೊಟ್ಟು ಉಂಡೆ ಇಸಿದುಕೊಳ್ಳುವ ಈ ಹುಡುಗಿಯನ್ನು ನೋಡುವಾಗ ನನಗೆ ಊರಿನ ಮೇಲೆ ಮತ್ತಷ್ಟು ಪ್ರೀತಿ ಬರುತ್ತದೆ.

ತೇರಡ್ಯಾಚಾ ರಂಗ ತೀನ ದಿವಸ ಎಂದು ಮರಾಠಿಯಲ್ಲಿ ಗಾದೆಯಿದೆ, ಇದರ ಬಣ್ಣ ಮೂರೇ ದಿನ ಎಂದು. ಒಂದೊಂದು ಹೂವಿನ ಮಟ್ಟಿಗೆ ಮಾತು ಸರಿ. ಆದರೆ ಗಿಡ ಕೆಳಗಿನ ಎಲೆಯ ಕಂಕುಳಿನಿಂದ ಹೂ ಬಿಡುತ್ತ ಮೇಲೆ ಮೇಲೆ ಹೋಗುತ್ತದೆ. ತುದಿಯಲ್ಲಿ ಮೊಗ್ಗು, ನಡುವೆ ಹೂವು, ಬುಡದಲ್ಲಿ ಕಾಯಿ, ಮೂರೂ ಒಂದೇ ದಂಟಿನ ಮೇಲೆ. ಮಕ್ಕಳಿಗೆ ತೋರಿಸಬೇಕಾದದ್ದು ಆ ಬುಡದ ಕಾಯಿ. ತಿಳಿಹಸಿರು ಬಣ್ಣ, ಮೈತುಂಬ ನಯವಾದ ರೋಮ, ನಡು ದಪ್ಪ. ಬಲಿತದ್ದನ್ನು ಮುಟ್ಟಿದರೆ ಸಾಕು, ಸಿಪ್ಪೆ ಐದು ಸೀಳಾಗಿ ಒಳಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ, ಕಂದು ಬೀಜಗಳು ಚಿಮ್ಮಿ ಅತ್ತಿತ್ತ ಹಾರುತ್ತವೆ. ಮುಷ್ಟಿಯೊಳಗೆ ಹಿಡಿದು ಒಡೆದರೆ ಸುರುಳಿ ಹೊರಳುವುದು ಅಂಗೈಗೆ ತಿಳಿಯುತ್ತದೆ. “ಅಜ್ಜಾ, ಒಳಗ ಜೀವ ಐತಿ!” ಎಂದು ಮೊಮ್ಮಗ ಕೂಗುತ್ತಾನೆ. ಐತಿ ಮತ್ತ. ಈ ಆಟ ಶುರುವಾದರೆ ಊಟಕ್ಕೆ ಕರೆದರೂ ಬರುವುದಿಲ್ಲ. ಹಾರಿಬಿದ್ದ ಬೀಜ ಅಲ್ಲೇ ಹುಟ್ಟಿಕೊಳ್ಳುತ್ತದೆ, ನಷ್ಟವೇನಿಲ್ಲ.

ಚೆಂಡುಹೂವಿಗೆ ನಾವು ಬೀಜ ಕೊಂಡದ್ದೇ ಇಲ್ಲ. ದಸರೆಯ ತೋರಣವನ್ನು ಎಸೆಯದೆ ಅಡಿಗೆಮನೆಯ ಗೂಟಕ್ಕೆ ತೂಗುಹಾಕುತ್ತೇವೆ. ಜೂನಿನಲ್ಲಿ ಇಳಿಸಿ ಒಂದು ಒಣ ಹೂವು ಬಿಡಿಸಿದರೆ, ಎಳೆದ ಎಸಳಿನ ಬುಡದಲ್ಲಿ ಕಪ್ಪು ಕಡ್ಡಿ. ನಾವು ಎಸಳೆನ್ನುವುದು ಒಂದೊಂದೂ ಒಂದು ಪುಟ್ಟ ಹೂವೇ, ಒಂದು ಚೆಂಡೆಂದರೆ ಒಂದು ದೊಡ್ಡ ಮನೆತನ ಎಂದಾಗ ಮೊಮ್ಮಗಳು ಉಳಿದ ಹೂವುಗಳನ್ನೆಲ್ಲ ಬಿಡಿಸಿ ಎಣಿಸಲು ಕೂತಳು. ಇದರ ತವರು ಮೆಕ್ಸಿಕೊ. ಅಲ್ಲಿ ನವೆಂಬರ್ ಮೊದಲೆರಡು ದಿನ ತೀರಿಹೋದ ಹಿರಿಯರನ್ನು ನೆನೆದು ಇದೇ ಹೂವನ್ನು ರಾಶಿ ಹಾಕುತ್ತಾರೆ.

ನನಗೆ ಎಲ್ಲಕ್ಕಿಂತ ಪ್ರೀತಿಯದು ಸಂಜೆಮಲ್ಲಿಗೆ. ಮಕ್ಕಳು ಆಡಿ ದಣಿದು ಬರುವ ಹೊತ್ತಿಗೇ ಅರಳುತ್ತದೆ. ಬೀಜ ಕರಿಮೆಣಸಿನ ಹಾಗೆ, ಕಪ್ಪಗೆ, ಸುಕ್ಕುಸುಕ್ಕಾಗಿ. ಇದು ಬಾಯಿಗೆ ಹೋಗಬಾರದು, ಬೀಜವೂ ಗಡ್ಡೆಯೂ ವಿಷ. ಇದನ್ನು ಮೊದಲ ದಿನವೇ ಹೇಳಿಬಿಟ್ಟಿದ್ದೇನೆ. 1900ರಲ್ಲಿ ಮೆಂಡೆಲನ ಮರೆತುಹೋದ ನಿಯಮಗಳನ್ನು ಮತ್ತೆ ಬೆಳಕಿಗೆ ತಂದ ಮೂವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಈ ಗಿಡದ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ. ಕೆಂಪು ಹೂವಿಗೆ ಬಿಳಿಯದನ್ನು ಕೂಡಿಸಿದರೆ ಗುಲಾಬಿ ಬಣ್ಣ ಹುಟ್ಟುತ್ತದೆ, ಆ ಗುಲಾಬಿಯ ಬೀಜ ಊರಿದರೆ ಕೆಂಪು, ಗುಲಾಬಿ, ಬಿಳಿ ಮೂರೂ ತಿರುಗಿ ಬರುತ್ತವೆ. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆಯುವ ಸಂಗತಿ ಇದು. ಹಿತ್ತಲಲ್ಲಿ ಮಾಡಿ ನೋಡಲು ಬರುತ್ತದೆಂದ ಮೇಲೆ ಬಿಡುವುದುಂಟೆ?

ಈ ಸಲದ ಗಣಪತಿ ರಜೆಯಲ್ಲಿ ಮಾಡಿದೆವು. ಹೂವು ಬಾಡುವಾಗ ತನ್ನ ಪರಾಗವನ್ನು ತಾನೇ ತಾಗಿಸಿಕೊಳ್ಳುತ್ತದೆ, ಆದ್ದರಿಂದ ಅರಳುವ ಮೊದಲೇ ಕೈಹಾಕಬೇಕು. ಮೂರು ಗಂಟೆಗೆ ಮೊಮ್ಮಗಳು ಕೆಂಪು ಮೊಗ್ಗನ್ನು ಮೆಲ್ಲಗೆ ಸೀಳಿ, ಚಿಮಟದಿಂದ ಪರಾಗದ ತಲೆಗಳನ್ನೆಲ್ಲ ತೆಗೆದಳು. ಸಂಜೆ ಬಿಳಿಯದು ಅರಳಿದ ಮೇಲೆ ಮೊಮ್ಮಗ ಅದರ ಪರಾಗವನ್ನು ಬಣ್ಣದ ಕುಂಚದ ತುದಿಗೆ ಹತ್ತಿಸಿ ಇದಕ್ಕೆ ಸವರಿದ. ಗುರುತಿಗೆ ಹಳದಿ ದಾರ. ದಾರ ಕಟ್ಟಿದ್ದರಲ್ಲಿ ಕೆಲವು ಉದುರಿದವು, ಕೆಲವು ಕಾಳುಕಟ್ಟಿದವು. ದೀಪಾವಳಿಗೆ ಅವನ್ನು ಬಿಡಿಸಿ ಬಾಟಲಿಗೆ ಹಾಕಿ, ಅವಳು ಕನ್ನಡದಲ್ಲಿ, ಅವನು ಮರಾಠಿಯಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ. ಎಲ್ಲವೂ ಗುಲಾಬಿಯೇ ಆಗುತ್ತದೆಂದು ಅವಳ ವಾದ. ಒಂದಾದರೂ ಪಟ್ಟೆಪಟ್ಟೆ ಬರುತ್ತದೆಂದು ಅವನದು. ರೋಹಿಣಿ ಮಳೆಗೆ ಊರಬೇಕು.